ಹಾಡಿನಿಂದ ಇಂಗ್ಲಿಷ್: ಭಯ ಬಿಡಿ, ಬಾಯಿ ಬಿಡಿ

‘ನಮ್ಮ ಹುಡುಗನಿಗೆ ಜ್ಞಾಪಕಶಕ್ತಿಯೇ ಇಲ್ಲ. ಬೆಳಿಗ್ಗೆ ಇಂಗ್ಲಿಷಿನ ಹತ್ತು ಪದ ಹೇಳಿಕೊಟ್ಟರೆ ಸಂಜೆಯ ಹೊತ್ತಿಗೆ ಎಂಟು ಮರೆತಿರುತ್ತಾನೆ. ಯಾವುದಾದರೂ ಟಾನಿಕ್ ಇದೆಯೇ?’ ಎಂದು ಕೇಳುವ ತಂದೆತಾಯಿಯರು ಅನೇಕ. ಅದೇ ಹುಡುಗ ಸ್ನಾನದ ಮನೆ ಹೊಕ್ಕರೆ ಸಾಕು, ಹೊಸ ಸಿನಿಮಾದ ಹಾಡನ್ನು ಪಲ್ಲವಿಯಿಂದ ಕೊನೆಯ ಚರಣದವರೆಗೆ ಒಂದಕ್ಷರವೂ ಬಿಡದೆ ಒಪ್ಪಿಸುತ್ತಾನೆ. ಹಾಡಿನ ನಡುವೆ ಬರುವ ಇಂಗ್ಲಿಷ್ ಮಾತುಗಳೂ ಅವನಿಗೆ ಬಾಯಿಪಾಠ!

ಅಂದ ಮೇಲೆ ಅವನ ಜ್ಞಾಪಕಶಕ್ತಿಗೆ ಏನೂ ಆಗಿಲ್ಲ. ಪದಗಳನ್ನು ಅವನ ಮುಂದೆ ಇಟ್ಟ ರೀತಿಯಲ್ಲಿ ವ್ಯತ್ಯಾಸವಿದೆ, ಅಷ್ಟೆ. ಪಟ್ಟಿಯಲ್ಲಿರುವ ಪದ ಒಣಗಿದ ಎಲೆಯಂತೆ, ಗಾಳಿ ಬೀಸಿದರೆ ಹಾರಿಹೋಗುತ್ತದೆ. ಹಾಡಿನಲ್ಲಿರುವ ಪದ ಹಾರದಲ್ಲಿ ಪೋಣಿಸಿದ ಹೂವಿನಂತೆ. ಒಂದನ್ನು ಎತ್ತಿದರೆ ಉಳಿದವು ಜೊತೆಗೇ ಬರುತ್ತವೆ.

ಆರೋಗ್ಯದ ಅಂಕಣದಲ್ಲಿ ಇಂಗ್ಲಿಷ್ ಕಲಿಕೆಯ ಮಾತೇಕೆ ಎಂದು ನೀವು ಕೇಳಬಹುದು. ಕಾರಣವಿದೆ. ನಮ್ಮ ಅನೇಕ ಯುವಕ ಯುವತಿಯರಿಗೆ ಇಂಗ್ಲಿಷ್ ಬರೀ ಒಂದು ಪಠ್ಯವಿಷಯವಾಗಿ ಉಳಿದಿಲ್ಲ. ಅದು ನಿದ್ದೆಗೆಡಿಸುವ, ಎದೆ ಡವಗುಟ್ಟಿಸುವ, ‘ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎನ್ನಿಸುವ ಭಯವಾಗಿ ಬೆಳೆದಿದೆ. ಈ ಭಯಕ್ಕೆ ಹಾಡು ಒಂದು ಒಳ್ಳೆಯ ಮದ್ದು. ಆದರೆ ಎಲ್ಲ ಮದ್ದಿನಂತೆ ಇದಕ್ಕೂ ಪ್ರಮಾಣವಿದೆ, ಪಥ್ಯವಿದೆ.

ಜ್ಞಾನಭಾರತಿಯ ಮೊದಲ ವಾರ

ಬೆಂಗಳೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1964ರಲ್ಲಿ. ಮೈಸೂರು ರಸ್ತೆಯ ಪಕ್ಕದ ವಿಶಾಲವಾದ ಜ್ಞಾನಭಾರತಿ ಆವರಣಕ್ಕೆ ಅದು ಬಂದದ್ದು 1973ರಲ್ಲಿ. ಅಂದಿನಿಂದ ಮಾಗಡಿ, ರಾಮನಗರ, ಕನಕಪುರ, ಕೋಲಾರ, ತುಮಕೂರಿನ ಕಡೆಯ ಹಳ್ಳಿಗಳಿಂದ ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳು ಟ್ರಂಕು, ಚೀಲ ಹಿಡಿದು ಇಲ್ಲಿ ಬಂದಿಳಿದಿದ್ದಾರೆ. ಅವರಲ್ಲಿ ಅನೇಕರು ಹತ್ತನೆಯ ತರಗತಿಯವರೆಗೆ, ಕೆಲವರು ಪದವಿಯವರೆಗೂ ಕನ್ನಡದಲ್ಲೇ ಓದಿದವರು. ಊರಿನಲ್ಲಿ ಮೊದಲ ಸ್ಥಾನ ಪಡೆದ ಹುಡುಗಿ ಇಲ್ಲಿ ಸ್ನಾತಕೋತ್ತರ ತರಗತಿಯ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ಉತ್ತರ ಗೊತ್ತಿರುತ್ತದೆ, ಬಾಯಿ ಬರುವುದಿಲ್ಲ.

ಆ ಕ್ಷಣದಲ್ಲಿ ಅವಳ ದೇಹದಲ್ಲಿ ಏನಾಗುತ್ತದೆ? ಎಲ್ಲರೂ ನಗುತ್ತಾರೆ ಎಂಬ ಭಯವನ್ನು ಮಿದುಳು ಅಪಾಯದ ಸೂಚನೆಯೆಂದೇ ತಿಳಿಯುತ್ತದೆ. ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ನಾಲಿಗೆ ಒಣಗುತ್ತದೆ. ಮಾತು ಜೋಡಿಸಲು ಬೇಕಾದ ಗಮನವನ್ನೆಲ್ಲ ಚಿಂತೆಯೇ ಆಕ್ರಮಿಸಿಕೊಳ್ಳುತ್ತದೆ. ಬಲ್ಲ ಪದವೂ ಬಾಯಿಗೆ ಬರುವುದಿಲ್ಲ. ‘ನೋಡು, ನನಗೆ ಬರುವುದೇ ಇಲ್ಲ’ ಎಂದು ಅವಳು ನಿರ್ಧರಿಸುತ್ತಾಳೆ. ಮರುದಿನ ಇನ್ನೂ ಮೌನ, ಮಾರನೆಯ ವಾರ ತರಗತಿಗೇ ಚಕ್ಕರ್. ಹೀಗೆ ಭಯದಿಂದ ಮೌನ, ಮೌನದಿಂದ ಮತ್ತಷ್ಟು ಭಯ. ಈ ಚಕ್ರವನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು.

ಇದೇ ಜ್ಞಾನಭಾರತಿ ಆವರಣದಲ್ಲಿ, 1963ರಲ್ಲಿ ಆರಂಭವಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ದಕ್ಷಿಣ ರಾಜ್ಯಗಳ ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ಕಲಿಸುವ ವಿಧಾನವನ್ನು ಹೇಳಿಕೊಡುವ ಸಂಸ್ಥೆ ಇದು. ಇಂಗ್ಲಿಷ್ ಕಲಿಸುವುದೇ ಒಂದು ಪ್ರತ್ಯೇಕ ವಿದ್ಯೆ, ಅದನ್ನು ಶಿಕ್ಷಕರೂ ಕಲಿಯಬೇಕು ಎಂಬುದನ್ನು ಇದು ತೋರಿಸುತ್ತದೆ. ಹಾಗಿರುವಾಗ, ಬಾರದಿರುವುದೆಲ್ಲ ವಿದ್ಯಾರ್ಥಿಯ ದಡ್ಡತನ ಎನ್ನುವುದು ಯಾವ ನ್ಯಾಯ?

ಚಿಕ್ಕ ಮಕ್ಕಳಿಗೆ ಹಾಡಿನ ಮೂಲಕ ಕಲಿಸುವುದು ನಮ್ಮ ಶಾಲೆಗಳಿಗೆ ಹೊಸದೇನೂ ಅಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ‘ನಲಿ-ಕಲಿ’ ಪದ್ಧತಿಯಲ್ಲಿ ಹಾಡು, ಕುಣಿತ, ಆಟಗಳೇ ಪಾಠದ ಅಂಗ. ಆದರೆ ಮಕ್ಕಳು ದೊಡ್ಡವರಾದಂತೆ ಹಾಡನ್ನು ತರಗತಿಯಿಂದ ಹೊರಗೆ ಹಾಕಿಬಿಡುತ್ತೇವೆ. ಹೆಚ್ಚು ಬೇಕಾದ ವಯಸ್ಸಿನಲ್ಲೇ ಈ ಉಪಾಯ ಕೈಬಿಟ್ಟುಹೋಗುತ್ತದೆ.

ಹಾಡು ಏಕೆ ಮರೆಯುವುದಿಲ್ಲ?

ಮಗ್ಗಿಯನ್ನು ನೀವು ಹೇಗೆ ಕಲಿತಿರಿ, ನೆನಪಿಸಿಕೊಳ್ಳಿ. ರಾಗವಾಗಿ ಹೇಳಿಕೊಂಡೇ ಅಲ್ಲವೇ? ಅಜ್ಜಿಗೆ ನೂರಾರು ದೇವರನಾಮಗಳು ಬಾಯಿಗೆ ಬರುತ್ತಿದ್ದುದೂ ಹೀಗೆಯೇ. ಹಾಡಿನಲ್ಲಿ ನಾಲ್ಕು ಕೊಕ್ಕೆಗಳಿವೆ: ರಾಗ, ತಾಳ, ಪ್ರಾಸ ಮತ್ತು ಪುನರಾವರ್ತನೆ. ಒಂದು ಕೊಕ್ಕೆ ಜಾರಿದರೂ ಇನ್ನೊಂದು ಪದವನ್ನು ಹಿಡಿದುಕೊಳ್ಳುತ್ತದೆ. ತಾಳಕ್ಕೆ ಎರಡೇ ಅಕ್ಷರ ಹೊಂದುತ್ತವೆ ಎಂದಾದರೆ ಮೂರಕ್ಷರದ ಪದ ಅಲ್ಲಿ ಬರುವಂತಿಲ್ಲ. ಪ್ರಾಸ ಬಂದರೆ ಸಾಲಿನ ಕೊನೆಯ ಪದ ತಾನಾಗಿಯೇ ಹೊಳೆಯುತ್ತದೆ. ಪಲ್ಲವಿ ನಾಲ್ಕೈದು ಸಲ ಬರುವುದರಿಂದ ಬೇಸರವಿಲ್ಲದೆ ಅಭ್ಯಾಸವೂ ಆಗುತ್ತದೆ.

ಮಿದುಳಿನ ರಚನೆಯೂ ಇದಕ್ಕೆ ಸಹಕಾರಿ. ಬಹುಪಾಲು ಜನರಲ್ಲಿ ಮಾತಿನ ಮುಖ್ಯ ಕೇಂದ್ರಗಳು ಮಿದುಳಿನ ಎಡಭಾಗದಲ್ಲಿವೆ. ಹಾಡುವಾಗ ಬಲಭಾಗವೂ ಜೊತೆಗೂಡುತ್ತದೆ. ಕಾಯಿಲೆಯಿಂದ ಮಾತು ಕಳೆದುಕೊಂಡರೂ ಹಾಡಬಲ್ಲವನಾಗಿದ್ದ ಸ್ವೀಡನ್ನಿನ ಒಬ್ಬ ವ್ಯಕ್ತಿಯ ವಿಷಯವನ್ನು ಊಲೋಫ್ ಡಾಲಿನ್ ಎಂಬಾತ 1745ರಷ್ಟು ಹಿಂದೆಯೇ ಬರೆದಿಟ್ಟಿದ್ದಾನೆ. ಲಕ್ವ ಹೊಡೆದು ಮಾತು ನಿಂತವರಿಗೆ ರಾಗದ ಮೂಲಕ ಮಾತು ಮರಳಿಸಲು ಯತ್ನಿಸುವ ಒಂದು ಚಿಕಿತ್ಸೆಯನ್ನು ಅಮೆರಿಕದ ವೈದ್ಯರು 1973ರಲ್ಲಿ ವಿವರಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ.

ಪರಭಾಷೆಯ ಕಲಿಕೆಯಲ್ಲೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಂಗೇರಿಯನ್ ಭಾಷೆ ತಿಳಿಯದ 60 ವಯಸ್ಕರಿಗೆ ಆ ಭಾಷೆಯ 20 ಮಾತುಗಳನ್ನು 15 ನಿಮಿಷ ಕಲಿಸಿದರು. ಒಂದು ಗುಂಪು ಸುಮ್ಮನೆ ಹೇಳಿ ಕಲಿಯಿತು, ಇನ್ನೊಂದು ತಾಳಬದ್ಧವಾಗಿ ಹೇಳಿತು, ಮೂರನೆಯದು ಹಾಡಿ ಕಲಿಯಿತು. ಆ ಭಾಷೆಯ ಮಾತುಗಳನ್ನು ನೆನಪಿನಿಂದ ಹೇಳಬೇಕಾಗಿ ಬಂದಾಗ ಹಾಡಿದವರೇ ಮುಂದೆ ಬಂದರು.

ಆದರೆ ರಾಗಕ್ಕೂ ಒಂದು ಷರತ್ತಿದೆ. ರಾಗ ಸರಳವಾಗಿದ್ದು, ಮತ್ತೆ ಮತ್ತೆ ಕಿವಿಗೆ ಬಿದ್ದು ಪರಿಚಯವಾದಾಗ ಮಾತ್ರ ಅದು ಪದಕ್ಕೆ ಆಸರೆಯಾಗುತ್ತದೆ. ಒಂದೇ ಸಲ ಕೇಳಿದ ಕ್ಲಿಷ್ಟ ರಾಗ ನೆರವಾಗುವ ಬದಲು ಗೊಂದಲವನ್ನೇ ಉಂಟುಮಾಡಬಹುದು. ಆದ್ದರಿಂದ ದಿನಕ್ಕೆ ಹತ್ತು ಹಾಡು ಕೇಳುವುದಕ್ಕಿಂತ ಒಂದು ಹಾಡನ್ನು ಹತ್ತು ದಿನ ಕೇಳುವುದು ಮೇಲು.

ಹಾಡುವವನನ್ನು ಯಾರೂ ತಿದ್ದುವುದಿಲ್ಲ

ಹಾಡಿನ ಇನ್ನೊಂದು ಗುಣ ಭಯ ಕಳೆಯುವುದು. ಮಾತನಾಡುವಾಗ ಮುಂದಿನ ಪದ ಯಾವುದೆಂದು ನಾವೇ ಹುಡುಕಬೇಕು. ಹಾಡಿನಲ್ಲಿ ಅದು ಸಿದ್ಧವಾಗಿಯೇ ಇರುತ್ತದೆ. ಗುಂಪಿನಲ್ಲಿ ಹಾಡಿದರೆ ನಮ್ಮ ತಪ್ಪು ಹತ್ತು ದನಿಗಳಲ್ಲಿ ಕರಗಿಹೋಗುತ್ತದೆ. ಹುಟ್ಟುಹಬ್ಬದ ದಿನ ಕೇಕು ಕತ್ತರಿಸುವಾಗ ಅಕ್ಷರ ಬಾರದ ಅಜ್ಜಿಯೂ ಚಪ್ಪಾಳೆ ತಟ್ಟುತ್ತ ಇಂಗ್ಲಿಷ್ ಹಾಡು ಹೇಳುತ್ತಾರೆ. ಆಗ ಅವರಿಗೆ ಎದೆ ಡವಗುಟ್ಟುತ್ತದೆಯೇ? ಇಲ್ಲ. ಅದು ಇಂಗ್ಲಿಷ್ ಎಂಬುದೇ ಅವರಿಗೆ ನೆನಪಿರುವುದಿಲ್ಲ!

ಕನ್ನಡಿಗರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕೆ? 1978ರಲ್ಲಿ ತೆರೆಕಂಡ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರದಲ್ಲಿ ಜಿ.ಕೆ. ವೆಂಕಟೇಶ್ ಅವರ ಸಂಗೀತದಲ್ಲಿ ಡಾ. ರಾಜ್‌ಕುಮಾರ್ ಒಂದು ಇಂಗ್ಲಿಷ್ ಹಾಡನ್ನೇ ಹಾಡಿದರು. ಶಾಲೆಯ ಕೆಲವೇ ತರಗತಿಗಳನ್ನು ಕಂಡವರು ಅವರು. ಕಿವಿ ತೆರೆದಿದ್ದರೆ, ನಾಚಿಕೆ ಬಿಟ್ಟರೆ ನಾಲಿಗೆ ಹೊಸ ಭಾಷೆಗೆ ಹೊರಳುತ್ತದೆ ಎಂಬುದಕ್ಕೆ ಆ ಹಾಡೇ ಸಾಕ್ಷಿ. ಇಂದು, ನಾಳೆ, ಬೇಗ, ತಡ ಎಂಬ ಅರ್ಥದ ಸಣ್ಣ ಸಣ್ಣ ಪದಗಳೇ ಅದರಲ್ಲಿ ತಿರುತಿರುಗಿ ಬರುತ್ತವೆ. ಕಲಿಯುವವರಿಗೆ ಬೇಕಾದದ್ದೂ ಅಂಥ ಹಾಡೇ.

ಉಚ್ಚಾರಣೆಗೂ ಹಾಡಿನಿಂದ ಲಾಭವಿದೆ. ಕನ್ನಡದಲ್ಲಿ ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾದ ಒತ್ತು. ಇಂಗ್ಲಿಷಿನಲ್ಲಿ ಹಾಗಲ್ಲ. ‘ಹೋಟೆಲ್’ ಎಂಬಲ್ಲಿ ಒತ್ತು ಬೀಳುವುದು ಎರಡನೆಯ ಭಾಗಕ್ಕೆ. ‘ಬನಾನ’ ಎಂಬಲ್ಲಿ ನಡುವಿನ ಭಾಗಕ್ಕೆ. ನಾವು ಇಂಗ್ಲಿಷ್ ಪದಗಳ ಕೊನೆಗೆ ಉಕಾರ ಸೇರಿಸಿ ಬಸ್ಸು, ಕಾರು, ರೈಲು ಎಂದು ನಮ್ಮದಾಗಿಸಿಕೊಂಡಿದ್ದೇವೆ. ಕನ್ನಡದಲ್ಲಿ ಅದು ಸರಿಯೇ. ಇಂಗ್ಲಿಷ್ ಮಾತನಾಡುವಾಗ ಮಾತ್ರ ಆ ಉಕಾರ ಬಿಡಬೇಕು. ಹಾಡಿನಲ್ಲಿ ಒತ್ತು ಸಾಮಾನ್ಯವಾಗಿ ತಾಳದ ಪೆಟ್ಟಿನ ಮೇಲೆ ಬೀಳುವುದರಿಂದ ವ್ಯಾಕರಣದ ನಿಯಮ ಹೇಳದೆಯೇ ಕಿವಿಗೆ ಅಭ್ಯಾಸವಾಗುತ್ತದೆ.

ಪದ ಬಂತು, ಅರ್ಥ ಬಂತೇ?

ಇಲ್ಲಿಯೇ ಎಚ್ಚರ ಬೇಕಾದದ್ದು. ಅರ್ಥ ತಿಳಿಯದೆ ಸಂಸ್ಕೃತ ಸ್ತೋತ್ರಗಳನ್ನು ನಿತ್ಯ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ? ಅದರಿಂದ ಮನಸ್ಸಿಗೆ ನೆಮ್ಮದಿ ಸಿಗಬಹುದು, ಸಂಸ್ಕೃತದಲ್ಲಿ ಮಾತನಾಡಲು ಬರುವುದಿಲ್ಲ. ಇಂಗ್ಲಿಷ್ ಹಾಡಿಗೂ ಇದೇ ಮಾತು. ಹಾಡು ಪದವನ್ನು ಕಿವಿಗೆ ತರುತ್ತದೆ, ನಾಲಿಗೆಗೆ ತರುತ್ತದೆ. ಅರ್ಥವನ್ನು ನೀವೇ ತರಬೇಕು. ಸ್ವಂತ ವಾಕ್ಯದಲ್ಲಿ ಬಳಸಿದಾಗಲೇ ಪದ ನಿಮ್ಮದಾಗುವುದು.

‘ಮಿಸ್’ ಎಂಬ ಪದವನ್ನೇ ನೋಡಿ. ‘ಬಸ್ ಮಿಸ್ ಆಯಿತು’ ಎಂದು ನಾವು ದಿನವೂ ಹೇಳುತ್ತೇವೆ. ಶಾಲೆಯ ಅಧ್ಯಾಪಕಿಯನ್ನು ‘ಮಿಸ್’ ಎನ್ನುತ್ತೇವೆ. ಆದರೆ ಹಾಡುಗಳಲ್ಲಿ ಈ ಪದ ಬಂದಾಗ ಬಹಳಷ್ಟು ಸಲ ಅದರ ಅರ್ಥ ಬೇರೆ. ದೂರದಲ್ಲಿರುವವರ ನೆನಪು ಕಾಡುವುದು ಎಂದು. ಊರು ಬಿಟ್ಟು ಹಾಸ್ಟೆಲ್ ಸೇರಿದ ವಿದ್ಯಾರ್ಥಿ ‘ಐ ಮಿಸ್ ಮೈ ಮದರ್’ ಎಂದು ತನ್ನ ಪುಸ್ತಕದಲ್ಲಿ ಬರೆದುಕೊಂಡರೆ ಆ ಪದವನ್ನು ಮತ್ತೆ ಮರೆಯಲಾರ. ಏಕೆಂದರೆ ಅದು ಈಗ ಅವನ ಸ್ವಂತ ಅನುಭವದ ಮಾತು.

ಅರ್ಥವನ್ನು ಕನ್ನಡದಲ್ಲೇ ತಿಳಿದುಕೊಳ್ಳಿ. ಅದರಲ್ಲಿ ನಾಚಿಕೆಯಿಲ್ಲ. 2021ರ ಆಗಸ್ಟ್‌ನಿಂದ ಜ್ಞಾನಭಾರತಿಗೆ ಮೆಟ್ರೊ ರೈಲು ಬಂದಿದೆ. ರೈಲಿನೊಳಗಿನ ಪ್ರಕಟಣೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರುತ್ತವೆ. ಅದೇ ಮಾತು, ಅದೇ ಧಾಟಿ, ಪ್ರತಿ ನಿಲ್ದಾಣದಲ್ಲೂ ಪುನರಾವರ್ತನೆ, ಪಕ್ಕದಲ್ಲೇ ಕನ್ನಡದ ಅರ್ಥ. ಕಿವಿಗೊಟ್ಟು ಕೇಳಿದರೆ ಟಿಕೆಟ್ಟಿನ ಜೊತೆಗೆ ಒಂದು ಪಾಠ ಉಚಿತ! ಹಾಡನ್ನೂ ಹೀಗೆಯೇ ಕಲಿಯಬೇಕು. ಧ್ವನಿಯ ಪಕ್ಕದಲ್ಲೇ ಅರ್ಥ ಇರಬೇಕು.

ಹಾಡಿನ ಪದ ಸರಿಯಾಗಿ ಕೇಳಿಸದಿದ್ದರೆ ಕುಗ್ಗಬೇಡಿ. ಇಂಗ್ಲಿಷನ್ನೇ ತಾಯಿನುಡಿಯಾಗಿ ಉಳ್ಳವರಿಗೂ ತಪ್ಪು ಕೇಳಿಸುತ್ತದೆ. ಹಾಗೆ ತಪ್ಪಾಗಿ ಕೇಳಿಸಿಕೊಂಡ ಮಾತಿಗೆ ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ 1954ರಲ್ಲಿ ‘ಮಾಂಡೆಗ್ರೀನ್’ ಎಂದು ಹೆಸರನ್ನೇ ಇಟ್ಟರು. ಹಾಡಿನ ಸಾಹಿತ್ಯವನ್ನು ಮುದ್ರಿತ ರೂಪದಲ್ಲಿ ನೋಡಿ ತಾಳೆ ಹಾಕುವುದೊಂದೇ ಇದಕ್ಕೆ ಪರಿಹಾರ.

ಇನ್ನೊಂದು ವಿಷಯ. ಹಾಡಿನ ಭಾಷೆ ಪರೀಕ್ಷೆಯ ಭಾಷೆಯಲ್ಲ. ‘ಗೊನ್ನ’, ‘ವಾನ್ನ’, ‘ಏಂಟ್’ ಮುಂತಾದವು ಆಡುಮಾತಿನ ರೂಪಗಳು. ‘ಗೋಯಿಂಗ್ ಟು’ ಎಂಬುದು ಸವೆದು ‘ಗೊನ್ನ’ ಆಗಿದೆ, ನಮ್ಮ ‘ಹೋಗುತ್ತೇನೆ’ ಎಂಬುದು ‘ಹೋಗ್ತೀನಿ’ ಆದಂತೆ. ಕೇಳಿ ಅರ್ಥಮಾಡಿಕೊಳ್ಳಿ, ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಹತ್ತು ದಿನದ ಪಥ್ಯ

ಮನೆಯಲ್ಲಾಗಲಿ, ಹಾಸ್ಟೆಲಿನಲ್ಲಾಗಲಿ ದಿನಕ್ಕೆ 20 ನಿಮಿಷ ಇದ್ದರೆ ಸಾಕು.

1. ನಿಧಾನಗತಿಯ, ಉಚ್ಚಾರಣೆ ಸ್ಪಷ್ಟವಾಗಿರುವ, ಪಲ್ಲವಿ ಮತ್ತೆ ಮತ್ತೆ ಬರುವ ಒಂದು ಹಾಡನ್ನು ಆರಿಸಿ. ಜಿಮ್ ರೀವ್ಸ್, ಕಾರ್ಪೆಂಟರ್ಸ್ ಅವರ ಹಳೆಯ ಹಾಡುಗಳು ಆರಂಭಕ್ಕೆ ಒಳ್ಳೆಯವು. ವೇಗದ ರ‍್ಯಾಪ್ ಹಾಡುಗಳು ಆಮೇಲಿರಲಿ.

2. ಮೊದಲ ದಿನ ಪುಸ್ತಕ ನೋಡದೆ ಎರಡು ಮೂರು ಸಲ ಕೇಳಿ. ಗುರುತು ಸಿಕ್ಕ ಪದಗಳನ್ನು ಗುರುತು ಹಾಕಿಕೊಳ್ಳಿ. ನಿಮಗೆ ಈಗಾಗಲೇ ಎಷ್ಟು ಪದ ಗೊತ್ತಿದೆ ಎಂಬುದು ನಿಮಗೇ ಆಶ್ಚರ್ಯ ತರಬಹುದು.

3. ಎರಡನೆಯ ದಿನ ಸಾಹಿತ್ಯ ನೋಡುತ್ತ ಕೇಳಿ. ಹೊಸ ಪದಗಳಲ್ಲಿ ಐದರಿಂದ ಏಳನ್ನು ಮಾತ್ರ ಆರಿಸಿ, ನಿಘಂಟು ನೋಡಿ ಕನ್ನಡದ ಅರ್ಥ ಬರೆದುಕೊಳ್ಳಿ. ಎಲ್ಲ ಪದಗಳ ಹಿಂದೆ ಓಡಬೇಡಿ.

4. ಮೂರನೆಯ ದಿನದಿಂದ ಜೊತೆಗೆ ಹಾಡಿ. ಗುನುಗುವುದಲ್ಲ, ಬಾಯಿ ಬಿಟ್ಟು ಹಾಡಿ. ಆಮೇಲೆ ರಾಗ ತೆಗೆದು ಅದೇ ಸಾಲನ್ನು ಸಾಮಾನ್ಯ ಮಾತಿನಂತೆ ಹೇಳಿ. ಇದು ಬಹಳ ಮುಖ್ಯ. ಇಲ್ಲದಿದ್ದರೆ ಪದ ರಾಗಕ್ಕೆ ಅಂಟಿಕೊಂಡೇ ಉಳಿಯುತ್ತದೆ, ಮಾತಿಗೆ ಇಳಿಯುವುದಿಲ್ಲ.

5. ಪ್ರತಿ ಪದಕ್ಕೂ ನಿಮ್ಮ ದಿನಚರಿಯಿಂದ ಒಂದು ವಾಕ್ಯ ರಚಿಸಿ. ಅದನ್ನು ಗೆಳೆಯರ ಎದುರು ಹೇಳಿ.

6. ಐದನೆಯ ದಿನ ಮತ್ತು ಹತ್ತನೆಯ ದಿನ ಪುಸ್ತಕ ಮುಚ್ಚಿ ಪದಗಳನ್ನು ಜ್ಞಾಪಿಸಿಕೊಳ್ಳಿ. ಕಲಿತದ್ದು ಮೊದಲು ಬೇಗ ಬೇಗ, ಆಮೇಲೆ ನಿಧಾನವಾಗಿ ಮರೆಯುತ್ತದೆ ಎಂದು ಜರ್ಮನಿಯ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿದ್ದಾರೆ. ಮರೆವು ಶುರುವಾಗುವಾಗಲೇ ಮತ್ತೊಮ್ಮೆ ಜ್ಞಾಪಿಸಿಕೊಂಡರೆ ಪದ ಭದ್ರವಾಗುತ್ತದೆ.

ಒಂದು ಹಾಡಿಗೆ ಆರು ಪದ, ತಿಂಗಳಿಗೆ ಮೂರು ಹಾಡು ಎಂದಿಟ್ಟುಕೊಂಡರೆ ವರ್ಷಕ್ಕೆ 200ಕ್ಕೂ ಹೆಚ್ಚು ಪದಗಳಾದವು. ಹನಿಹನಿಗೂಡಿದರೆ ಹಳ್ಳ! ಆದರೆ ಹಾಡೊಂದೇ ಸಾಲದು. ಜೊತೆಗೆ ದಿನಕ್ಕೊಂದು ಪುಟ ಸುಲಭದ ಇಂಗ್ಲಿಷ್ ಓದು, ಹತ್ತು ನಿಮಿಷ ಮಾತು ಇರಲಿ. ನಮ್ಮ ಊಟದಲ್ಲಿ ಹಾಡು ಒಗ್ಗರಣೆ ಇದ್ದಂತೆ, ಅನ್ನದ ಬದಲಿಗೆ ಅಲ್ಲ.

ಹಾಡು ಕೇಳುತ್ತ ಪಠ್ಯಪುಸ್ತಕ ಓದುವ ಅಭ್ಯಾಸ ಮಾತ್ರ ಬೇಡ. ಹಾಡಿನ ಮಾತು, ಪುಸ್ತಕದ ಮಾತು ಎರಡೂ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ಯಾವುದೂ ಒಳಗೆ ಬರುವುದಿಲ್ಲ. ರಾತ್ರಿ ನಿದ್ದೆ ಕೆಡಬೇಡಿ. ಹಗಲು ಕಲಿತದ್ದು ಗಟ್ಟಿಯಾಗಿ ನೆಲೆಯೂರುವುದು ನಿದ್ದೆಯಲ್ಲೇ. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು.

ಕಿವಿಯನ್ನು ಕಾಪಾಡಿಕೊಳ್ಳಿ

ಇಂಗ್ಲಿಷ್ ಬರುವ ಹೊತ್ತಿಗೆ ಕಿವಿ ಹೋದರೆ ಏನು ಪ್ರಯೋಜನ? ಜೋರಾದ ಸದ್ದಿನಿಂದ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಾಶವಾಗುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಯವರೆಗೆ ಸುರಕ್ಷಿತ. ಸದ್ದು 90 ಡೆಸಿಬೆಲ್ ಆದರೆ ವಾರಕ್ಕೆ ಬರೀ 4 ಗಂಟೆ. ಮಕ್ಕಳಿಗೆ ಇನ್ನೂ ಕಡಿಮೆ ಇರಬೇಕು. ಮೊಬೈಲಿನ ಸದ್ದನ್ನು ಶೇಕಡಾ 60ಕ್ಕಿಂತ ಮೇಲೆ ಏರಿಸಬೇಡಿ. ಕೇಳಿದ ಬಳಿಕ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಅದು ಮುಂದುವರಿದರೆ ಕಿವಿ ವೈದ್ಯರನ್ನು ಕಾಣಿ.

ಜ್ಞಾನಭಾರತಿಯ ಮರಗಳ ನೆರಳಲ್ಲಿ ಕುಳಿತು ಹಾಡು ಕೇಳಿ, ಸಂತೋಷ. ಆದರೆ ಆವರಣದ ರಸ್ತೆಗಳಲ್ಲಿ ವಾಹನಗಳ ಓಡಾಟವಿದೆ. ನಡೆಯುವಾಗ, ರಸ್ತೆ ದಾಟುವಾಗ, ದ್ವಿಚಕ್ರ ವಾಹನ ಓಡಿಸುವಾಗ ಇಯರ್‌ಫೋನ್ ಕಿವಿಯಲ್ಲಿ ಇರಲೇಬಾರದು.

ತಂದೆತಾಯಿಯರಿಗೆ ನಾಲ್ಕು ಮಾತು

ಮಗ ತಪ್ಪು ಉಚ್ಚಾರಣೆಯಲ್ಲಿ ಹಾಡಿದರೆ ನಗಬೇಡಿ. ಪಕ್ಕದ ಮನೆಯ ಕಾನ್ವೆಂಟ್ ಹುಡುಗನೊಂದಿಗೆ ಹೋಲಿಸಬೇಡಿ. ನೆಂಟರ ಮುಂದೆ ‘ಇಂಗ್ಲಿಷಿನಲ್ಲಿ ಏನಾದರೂ ಮಾತಾಡು’ ಎಂದು ಪ್ರದರ್ಶನಕ್ಕೆ ನಿಲ್ಲಿಸಬೇಡಿ. ಈ ಮೂರೂ ಭಯಕ್ಕೆ ಗೊಬ್ಬರ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಇನ್ನೂ ಒಳ್ಳೆಯದು, ಮಗಳಿಂದಲೇ ಹಾಡಿನ ಅರ್ಥ ಕೇಳಿ ತಿಳಿಯಿರಿ. ಕಲಿಸುವವಳಿಗೆ ಪಾಠ ಇಮ್ಮಡಿ ಗಟ್ಟಿಯಾಗುತ್ತದೆ, ಆತ್ಮವಿಶ್ವಾಸವೂ ಬೆಳೆಯುತ್ತದೆ. ಹಾಡಿನ ಸಾಹಿತ್ಯ ಮಕ್ಕಳ ವಯಸ್ಸಿಗೆ ತಕ್ಕದ್ದೇ ಎಂದು ಒಮ್ಮೆ ನೋಡಿಕೊಳ್ಳಿ. ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ಒಂದು ಭಾಷೆಯಲ್ಲಿ ಚೆನ್ನಾಗಿ ಯೋಚಿಸಬಲ್ಲ ಮಗುವಿಗೆ ಇನ್ನೊಂದು ಭಾಷೆ ಕಲಿಯಲು ಆಧಾರವಿರುತ್ತದೆ.

ಕೆಲವರಲ್ಲಿ ಈ ಭಯ ಹಾಡಿಗೆ ಕರಗುವ ಹಂತ ದಾಟಿರುತ್ತದೆ. ಕಾಲೇಜಿನ ಹೆಸರೆತ್ತಿದರೆ ಹೊಟ್ಟೆನೋವು, ಎರಡು ವಾರಕ್ಕೂ ಹೆಚ್ಚು ನಿದ್ದೆ ಊಟ ಸೇರದಿರುವುದು, ಯಾರೊಂದಿಗೂ ಬೆರೆಯದಿರುವುದು, ‘ಓದು ಬಿಡುತ್ತೇನೆ’, ‘ಬದುಕಿ ಏನು ಪ್ರಯೋಜನ’ ಎಂಬಂಥ ಮಾತು ಕಂಡುಬಂದರೆ ತಡಮಾಡದೆ ಮನೋವೈದ್ಯರ ಅಥವಾ ಆಪ್ತಸಮಾಲೋಚಕರ ಸಲಹೆ ಪಡೆಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತನಾಡಬಹುದು.

ಇಂಗ್ಲಿಷ್ ಬಾರದಿರುವುದು ರೋಗವಲ್ಲ, ಅವಮಾನವೂ ಅಲ್ಲ. ಇನ್ನೂ ಕಲಿಯದ ಒಂದು ವಿದ್ಯೆ, ಅಷ್ಟೆ. ಈಜು ಕಲಿಯುವವನಿಗೆ ಸೊಂಟಕ್ಕೆ ಕಟ್ಟುವ ಬೆಂಡಿನಂತೆ ಹಾಡು ನಿಮ್ಮನ್ನು ಸ್ವಲ್ಪ ದೂರ ತೇಲಿಸುತ್ತದೆ. ಭಯ ಹೋದ ಮೇಲೆ ಕೈಕಾಲು ಬಡಿಯಬೇಕಾದವರು ನೀವೇ. ಈ ವಾರ ಒಂದು ಹಾಡು ಆರಿಸಿ, ಆರು ಪದ ಬರೆದುಕೊಳ್ಳಿ, ಆರು ವಾಕ್ಯಗಳನ್ನು ಯಾರ ಮುಂದಾದರೂ ಗಟ್ಟಿಯಾಗಿ ಹೇಳಿ. ತಪ್ಪಾದರೆ ಆಗಲಿ. ಬಾಯಿ ಬಿಟ್ಟರೆ ತಾನೇ ತಪ್ಪು ಗೊತ್ತಾಗುವುದು, ತಿದ್ದಿಕೊಳ್ಳಲು ಸಾಧ್ಯವಾಗುವುದು!